ಟಾಕ್ ಟಾಕ್: ಮೌನವನ್ನು ಸಾಧಿಸಿದ ವಾದ್ಯಮೇಳ

1988ರ ಸೆಪ್ಟೆಂಬರ್ ತಿಂಗಳಲ್ಲಿ ಇ.ಎಂ.ಐ. ಕಂಪನಿಯು ಹೊರತಂದ ‘ಸ್ಪಿರಿಟ್ ಆಫ್ ಈಡನ್’ ಎಂಬ ಧ್ವನಿಮುದ್ರಿಕೆಯನ್ನು ಮನೆಗೆ ಕೊಂಡೊಯ್ದ ಇಂಗ್ಲೆಂಡಿನ ಶ್ರೋತೃವು, ಅದೇ ಮೇಳದವರು ಎರಡು ವರ್ಷಗಳ ಹಿಂದೆ ಕೊಟ್ಟಿದ್ದ, ಯುರೋಪಿನ ಜನರ ಬಾಯಲ್ಲಿ ಇನ್ನೂ ನಲಿಯುತ್ತಿದ್ದ ಹಾಡುಗಳಂತಹವನ್ನೇ ನಿರೀಕ್ಷಿಸಿ ಕುಳಿತಿದ್ದನಾದರೆ, ಅವನ ಕಿವಿಗೆ ಮೊದಲು ಬಿದ್ದುದು ದೂರದಲ್ಲಿ ಯಾರೋ ಊದಿದಂತಹ ಟ್ರಂಪೆಟ್ಟಿನ ಕ್ಷೀಣವಾದ ನಾದ, ಅದರ ಹಿಂದೆ ಬಹುಹೊತ್ತು ಎಳೆದು ನಿಂತ ತಂತಿವಾದ್ಯಗಳ ಸ್ವರ, ನಡುನಡುವೆ ಏನೂ ಇಲ್ಲದ ಬಯಲು. ಎರಡು ನಿಮಿಷ ಕಳೆದರೂ ತಾಳವಿಲ್ಲ, ಹಾಡುಗಾರನ ಸುಳಿವಿಲ್ಲ. ಆಮೇಲೆ ಗಿಟಾರ್ ಒಂದು ಮೆಲ್ಲನೆ ಕಾಲಿಡುತ್ತದೆ. ಡ್ರಮ್ಮು ಕೋಣೆಯ ಇನ್ನೊಂದು ತುದಿಯಿಂದ ಕೇಳಿಸಿದಂತೆ ಕೇಳಿಸುತ್ತದೆ. ಒಡೆದ ಕಂಠದ ಹಾರ್ಮೋನಿಕಾ ಒಂದು ಥಟ್ಟನೆ ಕೂಗಿ ಅಡಗುತ್ತದೆ. ಪಾಶ್ಚಾತ್ಯ ಜನಪ್ರಿಯ ಸಂಗೀತದ ಚರಿತ್ರೆಯಲ್ಲಿ ಕೀರ್ತಿಯ ನಡುಮಧ್ಯದಲ್ಲಿ ನಿಂತ ಕಲಾವಿದರು ತಮ್ಮ ಮಾರ್ಗವನ್ನು ಬದಲಿಸಿದ ನಿದರ್ಶನಗಳು ಇಲ್ಲದಿಲ್ಲ. ಆದರೆ ಇಷ್ಟು ಅಲ್ಪಕಾಲದಲ್ಲಿ, ಇಷ್ಟು ದೂರ, ಇಷ್ಟೊಂದು ನಿಷ್ಠೆಯಿಂದ ನಡೆದುಹೋದ ಮೇಳವನ್ನು ನಾನಂತೂ ಬೇರೆ ಕಾಣೆನು.

ಟಾಕ್ ಟಾಕ್ ಮೇಳವು ಲಂಡನ್ನಿನಲ್ಲಿ ರೂಪುಗೊಂಡದ್ದು 1981ರಲ್ಲಿ. ಅದರ ಜೀವಾಳವಾಗಿದ್ದವನು ಮಾರ್ಕ್ ಹಾಲಿಸ್. 1955ರಲ್ಲಿ ಟಾಟನ್‌ಹ್ಯಾಮ್‌ನಲ್ಲಿ ಹುಟ್ಟಿದವನು. ಅವನಿಗೆ ಸಂಗೀತಲೋಕದ ಬಾಗಿಲನ್ನು ತೆರೆದವನು ಅಣ್ಣ ಎಡ್ ಹಾಲಿಸ್. ಎಡ್ಡಿ ಅಂಡ್ ದ ಹಾಟ್ ರಾಡ್ಸ್ ಎಂಬ ಮೇಳದ ಮೇಲ್ವಿಚಾರಕನಾಗಿದ್ದ ಈತನ ಪ್ರೋತ್ಸಾಹದಿಂದಲೇ ಮಾರ್ಕ್, ಪಂಕ್ ಸಂಗೀತದ ಅಬ್ಬರದ ದಿನಗಳಲ್ಲಿ, ದ ರಿಯಾಕ್ಷನ್ ಎಂಬ ಅಲ್ಪಾಯುವಾದ ತಂಡವೊಂದನ್ನು ಕಟ್ಟಿ ಹಾಡಿದ್ದನು. ಆ ತಂಡದ ಒಂದು ಹಾಡೇ ಮುಂದೆ ಹೊಸ ಮೇಳಕ್ಕೆ ಹೆಸರನ್ನಿತ್ತಿತು. ಡ್ರಮ್ಮಿಗೆ ಲೀ ಹ್ಯಾರಿಸ್, ಬೇಸ್ ಗಿಟಾರಿಗೆ ಪಾಲ್ ವೆಬ್, ಕೀಬೋರ್ಡಿಗೆ ಸೈಮನ್ ಬ್ರೆನರ್: ಇವರು ಜೊತೆಗಾರರು. 1982ರಲ್ಲಿ ಬಂದ ‘ದ ಪಾರ್ಟೀಸ್ ಓವರ್’ ಎಂಬ ಮೊದಲ ಆಲ್ಬಮನ್ನು ರೂಪಿಸಿದವನು ಡ್ಯುರಾನ್ ಡ್ಯುರಾನ್ ಮೇಳದ ಆಲ್ಬಮುಗಳನ್ನು ರೂಪಿಸಿದ್ದ ಕಾಲಿನ್ ಥರ್ಸ್ಟನ್. ಅದೇ ಡ್ಯುರಾನ್ ಡ್ಯುರಾನ್ ಮೇಳದ ಕಛೇರಿಗಳಲ್ಲಿ ಆರಂಭದ ಹಾಡುಗಾರರಾಗಿ ಇವರು ಊರೂರು ತಿರುಗಿದರು. ಹೀಗಾಗಿ ಪತ್ರಿಕೆಗಳವರು ಇವರನ್ನು ಆ ಮೇಳದ ನೆರಳೆಂದೇ ಭಾವಿಸಿದುದರಲ್ಲಿ ಆಶ್ಚರ್ಯವಿಲ್ಲ. ಆಲ್ಬಮಿನ ಗುಣವೂ ಅಂಥದೇ: ಸಿಂಥಸೈಜರಿನ ಹೊಳಪು, ಅಂದಿನ ಫ್ಯಾಷನ್ನಿನ ಲಯ, ಅವುಗಳ ನಡುವೆ, ಆ ಹೊಳಪಿಗೆ ಹೊಂದದ, ವ್ಯಾಕುಲವಾದ ಒಂದು ಕಂಠ. ಆ ಕಂಠವೊಂದನ್ನು ಬಿಟ್ಟರೆ ಅದರಲ್ಲಿ ಉಳಿಯುವಂಥದು ಹೆಚ್ಚಿಲ್ಲ.

ನಿಜವಾದ ತಿರುವು ಬಂದದ್ದು ಟಿಮ್ ಫ್ರೀಸ್‌ಗ್ರೀನ್ ಬಂದು ಕೂಡಿಕೊಂಡಾಗ. ಬ್ರೆನರ್ ಮೇಳವನ್ನು ಬಿಟ್ಟಮೇಲೆ ನಿರ್ಮಾಪಕನಾಗಿಯೂ, ವಾದಕನಾಗಿಯೂ, ಹಾಲಿಸನೊಡನೆ ಹಾಡು ಕಟ್ಟುವವನಾಗಿಯೂ ದುಡಿದ ಈತನು ಅಧಿಕೃತವಾಗಿ ಎಂದೂ ಮೇಳದ ಸದಸ್ಯನೆನಿಸಿಕೊಳ್ಳಲಿಲ್ಲ; ಆದರೂ ಮುಂದಿನ ನಾಲ್ಕು ಆಲ್ಬಮುಗಳಲ್ಲಿ ಅವನ ಕೈಯಿಲ್ಲದ ಸ್ಥಳವಿಲ್ಲ. 1984ರ ‘ಇಟ್ಸ್ ಮೈ ಲೈಫ್’ ಆಲ್ಬಮಿನ ಹಾಡುಗಳಿಗೆ ಯುರೋಪ್ ಖಂಡದಲ್ಲಿ ದೊರೆತ ಮನ್ನಣೆ ಸ್ವದೇಶದಲ್ಲಿ ದೊರೆಯಲಿಲ್ಲ. ಆ ಹೆಸರಿನ ಹಾಡು ಬ್ರಿಟನ್ನಿನ ಪಟ್ಟಿಯಲ್ಲಿ 46ನೆಯ ಸ್ಥಾನವನ್ನು ಮೀರಲಿಲ್ಲ. ಆರು ವರ್ಷ ಕಳೆದು ಮತ್ತೆ ಬಿಡುಗಡೆಯಾದಾಗ, ಮೇಳವು ಆ ಶೈಲಿಯನ್ನೇ ತ್ಯಜಿಸಿಬಿಟ್ಟಿದ್ದ ಕಾಲದಲ್ಲಿ, 13ನೆಯ ಸ್ಥಾನಕ್ಕೇರಿತು. ಆ ಹಾಡಿಗೆ ಟಿಮ್ ಪೋಪ್ ತೆಗೆದ ಚಿತ್ರವನ್ನು ಇಲ್ಲಿ ನೆನೆಯಬೇಕು. ವನ್ಯಜೀವಿಗಳ ಓಟ, ಹಾರಾಟಗಳ ನಡುವೆ ಮೃಗಾಲಯವೊಂದರಲ್ಲಿ ನಿಂತಿರುವ ಹಾಲಿಸ್ ತುಟಿಯನ್ನು ಬಿಚ್ಚುವುದೇ ಇಲ್ಲ. ಅವನ ಬಾಯಿಯ ಮೇಲೆ ಕೈಯಿಂದ ಬರೆದ ಗೆರೆಗಳು ಕುಣಿದು ಅದನ್ನು ಮುಚ್ಚುತ್ತವೆ. ಮುದ್ರಿತ ಧ್ವನಿಗೆ ತುಟಿಯಾಡಿಸುವ ನಟನೆಯನ್ನು ಅವನು ಒಪ್ಪಲಿಲ್ಲ. ಕಂಪನಿಯು ಇನ್ನೊಮ್ಮೆ ಚಿತ್ರೀಕರಿಸಬೇಕೆಂದು ಹಟ ಹಿಡಿದಾಗ, ತುಟಿಯಾಡಿಸುವುದನ್ನೇ ಅಣಕಿಸುವಂತೆ ಅಭಿನಯಿಸಿ ಒಪ್ಪಿಸಿದನು. ಮುಂದೆ ನಡೆದುದೆಲ್ಲದರ ಬೀಜವನ್ನು ನಾನು ಈ ನಿರಾಕರಣೆಯಲ್ಲಿ ಕಾಣುತ್ತೇನೆ.

1986ರಲ್ಲಿ ಬಂದ ‘ದ ಕಲರ್ ಆಫ್ ಸ್ಪ್ರಿಂಗ್’ ಮೇಳದ ಅತ್ಯಂತ ಯಶಸ್ವಿಯಾದ ಕೃತಿ. ಬ್ರಿಟನ್ನಿನಲ್ಲಿ ಎಂಟನೆಯ ಸ್ಥಾನ. ‘ಲೈಫ್ಸ್ ವಾಟ್ ಯು ಮೇಕ್ ಇಟ್’ ಹಾಡಿನ ಪಿಯಾನೋ ಪಲುಕಂತೂ ಒಮ್ಮೆ ಕೇಳಿದವರು ಮರೆಯುವಂಥದಲ್ಲ. ಸಿಂಥಸೈಜರು ಇಲ್ಲಿ ಬಹುಮಟ್ಟಿಗೆ ಹಿಂದೆ ಸರಿದು ಅದರ ಸ್ಥಾನಕ್ಕೆ ಸ್ಟೀವ್ ವಿನ್‌ವುಡ್ಡನ ಆರ್ಗನ್, ಡ್ಯಾನಿ ಥಾಮ್ಸನ್ನನ ಡಬಲ್ ಬೇಸ್, ಮಕ್ಕಳ ವೃಂದಗಾನ ಮೊದಲಾದ ಸಜೀವ ಧ್ವನಿಗಳು ಬಂದವು. ಮೊದಮೊದಲು ಇವರು ಸಿಂಥಸೈಜರನ್ನು ಹಿಡಿದದ್ದು ದೊಡ್ಡ ವಾದ್ಯವೃಂದಕ್ಕೆ ಹಣ ಸಾಲದ ಕಾರಣದಿಂದ ಎಂಬುದನ್ನು ಗಮನಿಸಿದರೆ ಈ ಬದಲಾವಣೆ ಸಹಜವಾದುದೆಂದು ತೋರುತ್ತದೆ. ಹಣ ಬಂದೊಡನೆ ಅವರು ಕೊಂಡುಕೊಂಡುದು ಮನುಷ್ಯರ ಉಸಿರನ್ನು. ಆ ವರ್ಷದ ಸಂಚಾರ ಸೆಪ್ಟೆಂಬರಿನಲ್ಲಿ ಸ್ಪೇನಿನ ಸಾನ್ ಸೆಬಾಸ್ಟಿಯನ್ನಿನಲ್ಲಿ ಮುಗಿಯಿತು. ಅದಾದಮೇಲೆ ಟಾಕ್ ಟಾಕ್ ಮೇಳವು ಸಭೆಯೆದುರು ಮತ್ತೆ ಎಂದಿಗೂ ಹಾಡಲಿಲ್ಲ.

ಯಶಸ್ಸಿನಿಂದ ಸಂತುಷ್ಟವಾದ ಕಂಪನಿಯು ಮುಂದಿನ ಆಲ್ಬಮಿಗಾಗಿ ಖರ್ಚಿನ ಮಿತಿಯನ್ನು ಸಡಿಲಿಸಿತು. 1987ರಲ್ಲಿ ಮೇಳವು ಉತ್ತರ ಲಂಡನ್ನಿನ ಹೈಬರಿಯಲ್ಲಿದ್ದ ವೆಸೆಕ್ಸ್ ಸ್ಟುಡಿಯೋವನ್ನು ಹೊಕ್ಕಿತು. ಇದು ಪೂರ್ವದಲ್ಲಿ ಚರ್ಚೊಂದರ ಸಭಾಮಂದಿರವಾಗಿದ್ದ ಕಟ್ಟಡ. ಸೆಕ್ಸ್ ಪಿಸ್ಟಲ್ಸ್ ಮೇಳದವರ ಗರ್ಜನೆಯೂ, ಕ್ಲ್ಯಾಶ್ ಮೇಳದ ‘ಲಂಡನ್ ಕಾಲಿಂಗ್’ ಆಲ್ಬಮೂ ಮುದ್ರಣಗೊಂಡದ್ದು ಇಲ್ಲಿಯೇ. ಆ ಕೊಠಡಿಯಲ್ಲಿ ಈಗ ಕತ್ತಲೆ ಕವಿಯಿತು. ಧ್ವನಿಮುದ್ರಣದ ಹೊಣೆ ಹೊತ್ತ ಫಿಲ್ ಬ್ರೌನ್ ಮುಂದೆ ತನ್ನ ಆತ್ಮಕಥೆಯಲ್ಲಿ ವರ್ಣಿಸಿರುವ ಪ್ರಕಾರ, ಎಣ್ಣೆಯ ಬಣ್ಣಗಳು ಗೋಡೆಯ ಮೇಲೆ ನಿಧಾನವಾಗಿ ಹರಿದಾಡುವಂತೆ ಮಾಡುವ ಪ್ರೊಜೆಕ್ಟರೂ, ಮಿಣುಕುವ ದೀಪವೊಂದೂ ಅಲ್ಲದೆ ಬೇರೆ ಬೆಳಕಿರಲಿಲ್ಲ. ಕರೆಬಂದ ವಾದಕರು ಒಬ್ಬೊಬ್ಬರಾಗಿ ಆ ಮಬ್ಬಿನೊಳಕ್ಕೆ ಬಂದು, ಬರೆದಿಟ್ಟ ಸ್ವರಲಿಪಿಯಿಲ್ಲದೆ, ಹೆಚ್ಚಿನ ಸೂಚನೆಯೂ ಇಲ್ಲದೆ, ಕಿವಿಯಲ್ಲಿ ಕೇಳಿಬರುತ್ತಿದ್ದುದಕ್ಕೆ ಮನಸ್ಸಿಗೆ ತೋರಿದಂತೆ ನುಡಿಸಬೇಕಾಗಿತ್ತು. ಪಿಟೀಲಿಗೆ ನೈಜೆಲ್ ಕೆನೆಡಿ, ಟ್ರಂಪೆಟ್ಟಿಗೆ ಹೆನ್ರಿ ಲೌದರ್, ಹಾರ್ಮೋನಿಕಾಕ್ಕೆ ಮಾರ್ಕ್ ಫೆಲ್ಟಮ್. ಇವರಲ್ಲಿ ಯಾರಿಗೂ ತಾನು ನುಡಿಸಿದ್ದರಲ್ಲಿ ಯಾವುದು ಉಳಿಯುವುದೆಂಬುದು ತಿಳಿದಿರಲಾರದು.

ಏಕೆಂದರೆ ನಿಜವಾದ ರಚನೆ ನಡೆಯುತ್ತಿದ್ದುದು ವಾದಕರು ಹೊರಟುಹೋದ ಮೇಲೆ. ಹಾಲಿಸನೂ ಫ್ರೀಸ್‌ಗ್ರೀನನೂ ಗಂಟೆಗಟ್ಟಲೆಯ ಆ ಮುದ್ರಣವನ್ನು ಕುಳಿತು ಕೇಳಿ, ಅದರಿಂದ ನಾಲ್ಕು ಸ್ವರಗಳ ಒಂದು ನುಡಿಯನ್ನೋ, ವಾದಕನು ಶ್ರುತಿ ಹುಡುಕುತ್ತಿದ್ದಾಗ ಅರಿಯದೆ ಹೊಮ್ಮಿದ ಒಂದು ಸದ್ದನ್ನೋ ಆರಿಸಿಕೊಂಡು, ಡಿಜಿಟಲ್ ಟೇಪಿನ ಅನುಕೂಲದಿಂದ ಅದನ್ನು ಬೇಕಾದೆಡೆಗೆ ಸರಿಸಿ ಕೂಡಿಸಿ, ಮಿಕ್ಕುದನ್ನು ಅಳಿಸಿಬಿಡುತ್ತಿದ್ದರು. ನುಡಿಸುವಾಗ ಪೂರ್ಣ ಸ್ವಾತಂತ್ರ್ಯ, ಆರಿಸುವಾಗ ಕಟುವಾದ ನಿಗ್ರಹ: ಈ ಎರಡರ ಸಂಯೋಗವೇ ಆ ಕೃತಿಯ ರಹಸ್ಯ. ಮೈಕ್ರೊಫೋನುಗಳನ್ನು ವಾದ್ಯದ ಬಾಯಿಗೆ ಹಿಡಿಯದೆ ದೂರದಲ್ಲಿ ನಿಲ್ಲಿಸಿದ್ದರಿಂದ, ಪ್ರತಿ ಸ್ವರದೊಡನೆ ಆ ಮಂದಿರದ ಗಾಳಿಯೂ ಮುದ್ರಿತವಾಯಿತು. ಮೊದಲ ಪಾರ್ಶ್ವದ ಮೂರು ಹಾಡುಗಳು ಒಂದರೊಳಗೊಂದು ಸೇರಿ ಇಪ್ಪತ್ತಕ್ಕೂ ಹೆಚ್ಚು ನಿಮಿಷಗಳ ಅಖಂಡ ಪ್ರವಾಹವಾಗುತ್ತವೆ. ಧಾರವಾಡದ ಕಡೆಯ ಬೈಠಕ್ಕುಗಳಲ್ಲಿ ವಿಲಂಬಿತ ಖ್ಯಾಲನ್ನು ಕೇಳಿ ಬೆಳೆದ ಕಿವಿಗೆ, ಒಂದು ಸ್ವರವನ್ನು ಹಿಡಿದು ಅದರ ಸುತ್ತಲಿನ ಅವಕಾಶವನ್ನು ತೋರಿಸಿ ಆಮೇಲೆ ಮುಂದಿನದಕ್ಕೆ ಹೋಗುವ ಈ ಕ್ರಮವು ಇಂಗ್ಲೆಂಡಿನ ಅಂದಿನ ಶ್ರೋತೃವಿಗೆ ತೋರಿದಷ್ಟು ಅಪರಿಚಿತವಾಗಿ ತೋರದು. ಆದರೆ ಇವರಿಗೆ ದಾರಿ ತೋರಿದವರು ಬೇರೆ: ಮೈಲ್ಸ್ ಡೇವಿಸನು ಗಿಲ್ ಇವಾನ್ಸನೊಡನೆ ಮಾಡಿದ ಆಲ್ಬಮುಗಳು, ಡೆಬ್ಯೂಸಿಯ ಕೃತಿಗಳು, ಜರ್ಮನಿಯ ಕ್ಯಾನ್ ಮೇಳ.

ಎರಡನೆಯ ಪಾರ್ಶ್ವದಲ್ಲಿರುವ ‘ಐ ಬಿಲೀವ್ ಇನ್ ಯು’ ಎಂಬ ಹಾಡಿನ ಬಗೆಗೆ ಪ್ರತ್ಯೇಕವಾಗಿ ಒಂದು ಮಾತನ್ನು ಹೇಳಬೇಕು. ಅದರ ವಸ್ತು ಹೆರಾಯಿನ್ ಎಂಬ ಮಾದಕದ್ರವ್ಯಕ್ಕೆ ಬಲಿಯಾಗುವವರ ದುರ್ಗತಿ. ಹಾಲಿಸನ ಅಣ್ಣ ಎಡ್ ಆ ವ್ಯಸನದಲ್ಲಿ ನರಳಿ ಮರುವರ್ಷವೇ ತೀರಿಕೊಂಡನೆಂಬುದನ್ನು ಬಲ್ಲವರಿಗೆ ಆ ಹಾಡು ನೀಡುವ ವೇದನೆ ಸಾಮಾನ್ಯವಲ್ಲ. ಆದರೆ ಅದರಲ್ಲಿ ಗೋಳಾಟವಿಲ್ಲ, ಧರ್ಮಬೋಧೆಯಿಲ್ಲ. ತಾಳವು ನಿಶ್ಚಲವಾಗಿ ನಡೆಯುತ್ತಿರಲು, ಕಂಠವು ಮಾತನ್ನು ಅರ್ಧಕ್ಕೇ ನುಂಗಿಕೊಂಡು ನಿಲ್ಲುವುದು; ಆ ನಿಂತ ಸ್ಥಳದಲ್ಲಿ ಚೆಲ್ಮ್ಸ್‌ಫರ್ಡ್ ಕೆಥೀಡ್ರಲ್ಲಿನ ಗಾಯಕವೃಂದವು ಮೇಲೇಳುವುದು. ನಾನು ಕೇಳಿರುವ ರಾಕ್ ಸಂಗೀತದಲ್ಲಿ ಇದಕ್ಕಿಂತ ಕರುಣಾಮಯವಾದ ಕ್ಷಣ ಇನ್ನೊಂದಿಲ್ಲ.

ಇಂತಹ ಕೃತಿಯನ್ನು ಹೇಗೆ ಮಾರಬೇಕೆಂಬುದು ಕಂಪನಿಗೆ ತಿಳಿಯದೆಹೋಯಿತು. ಆಲ್ಬಮು 19ನೆಯ ಸ್ಥಾನಕ್ಕೆ ಬಂದು ನಿಂತಿತು. ಇದನ್ನು ಹಾಡಿ ತೋರಿಸಲು ಸಂಚಾರ ಹೊರಡುವುದಕ್ಕೆ ಹಾಲಿಸ್ ಒಪ್ಪಲಿಲ್ಲ. ಆ ಕತ್ತಲೆಯಲ್ಲಿ ತಾನಾಗಿ ಹುಟ್ಟಿದ ನುಡಿಗಳನ್ನು ವೇದಿಕೆಯ ಮೇಲೆ ಬಾಯಿಪಾಠದಂತೆ ಒಪ್ಪಿಸಿದರೆ ಅವು ಸತ್ತಂತೆಯೇ ಎಂಬುದು ಅವನ ನಿಲುವು. ಕಂಪನಿಗೂ ಮೇಳಕ್ಕೂ ವ್ಯಾಜ್ಯ ಬಿದ್ದಿತು. ಮಾರಾಟವಾಗದ ಸಂಗೀತವನ್ನು ಮಾಡಿದರೆಂಬ ಅಪರಾಧಕ್ಕಾಗಿ ಕಂಪನಿಯು ಇವರನ್ನು ನ್ಯಾಯಾಲಯಕ್ಕೆ ಎಳೆಯಿತೆಂದು ಅಭಿಮಾನಿಗಳು ಇಂದಿಗೂ ಹೇಳುವುದುಂಟು. ಕಥೆ ಸೊಗಸಾಗಿದ್ದರೂ ವಾಸ್ತವ ಅಷ್ಟು ನಾಟಕೀಯವಲ್ಲ. ಒಪ್ಪಂದವನ್ನು ಮುಂದುವರಿಸುವ ಹಕ್ಕನ್ನು ಕಂಪನಿಯು ಸಕಾಲದಲ್ಲಿ ಚಲಾಯಿಸಿತೇ ಇಲ್ಲವೇ ಎಂಬ ಶುಷ್ಕವಾದ ಪ್ರಶ್ನೆಯೇ ವಿವಾದದ ತಿರುಳಾಗಿತ್ತು. ಮೊದಲ ತೀರ್ಪು ಕಂಪನಿಯ ಪರವಾಗಿ ಬಂದರೂ, 1989ರಲ್ಲಿ ಮೇಲ್ಮನವಿಯ ನ್ಯಾಯಾಲಯವು ಅದನ್ನು ತಳ್ಳಿಹಾಕಿ ಮೇಳವನ್ನು ಬಂಧಮುಕ್ತಗೊಳಿಸಿತು. ಬಳಿಕ ಕಂಪನಿಯು ಹಳೆಯ ಹಾಡುಗಳನ್ನು ನೃತ್ಯಶಾಲೆಗೆ ತಕ್ಕಂತೆ ಪರರಿಂದ ಮಾರ್ಪಡಿಸಿ 1991ರಲ್ಲಿ ಹೊರತಂದಾಗ, ಮೇಳವು ಮತ್ತೆ ನ್ಯಾಯಾಲಯದ ಮೆಟ್ಟಿಲೇರಿ, ಆ ಪ್ರತಿಗಳು ಪೇಟೆಯಿಂದ ಹಿಂದಕ್ಕೆ ಬರುವಂತೆ ಮಾಡಿತು.

ಹೊಸ ಆಶ್ರಯ ಪಾಲಿಡಾರ್ ಸಂಸ್ಥೆಯದು. ಜಾಝ್ ಸಂಗೀತಕ್ಕೆ ಹೆಸರಾದ ವರ್ವ್ ಲಾಂಛನದಡಿಯಲ್ಲಿ 1991ರ ಸೆಪ್ಟೆಂಬರಿನಲ್ಲಿ ‘ಲಾಫಿಂಗ್ ಸ್ಟಾಕ್’ ಬಂದಿತು. ಪಾಲ್ ವೆಬ್ ಅಷ್ಟರಲ್ಲಿ ಮೇಳವನ್ನು ಬಿಟ್ಟಿದ್ದನು. ಸ್ಟುಡಿಯೋ ಅದೇ ವೆಸೆಕ್ಸ್. ನಿಯಮಗಳು ಮಾತ್ರ ಇನ್ನೂ ಕಠಿನ. ಕಿಟಕಿಗಳನ್ನು ಮುಚ್ಚಿ, ಗಡಿಯಾರಗಳನ್ನು ತೆಗೆದಿಟ್ಟು, ಹಗಲಿರುಳಿನ ಭೇದವಿಲ್ಲದೆ ತಿಂಗಳುಗಟ್ಟಲೆ ದುಡಿದರು. ಸುಮಾರು 50 ಮಂದಿ ವಾದಕರು ನುಡಿಸಿದರೂ ಕೊನೆಗೆ ಆಲ್ಬಮಿನಲ್ಲಿ ಉಳಿದವರು 18 ಮಂದಿ. ಆಲ್ಬಮು ಆರಂಭವಾಗುವುದು ಸ್ವರದಿಂದಲ್ಲ, ಗಿಟಾರಿನ ಆಂಪ್ಲಿಫಯರ್ ಹೊರಡಿಸುವ ಬರಿಯ ಹಿಸ್ಸೆಂಬ ಸದ್ದಿನಿಂದ. ಸಾಮಾನ್ಯವಾಗಿ ಮುದ್ರಣವನ್ನು ಶುದ್ಧಗೊಳಿಸುವವರು ಮೊದಲು ತೆಗೆದುಹಾಕುವುದೇ ಇದನ್ನು. ‘ಅಸೆನ್ಷನ್ ಡೇ’ ಹಾಡಿನಲ್ಲಿ ಗಿಟಾರುಗಳ ಕೋಲಾಹಲವು ಶಿಖರಕ್ಕೇರಿದ ಕ್ಷಣದಲ್ಲಿ ಟೇಪನ್ನು ಕತ್ತರಿಸಿದಂತೆ ಎಲ್ಲವೂ ನಿಂತುಹೋಗುತ್ತದೆ. ‘ಆಫ್ಟರ್ ದ ಫ್ಲಡ್’ನಲ್ಲಿ ಲೀ ಹ್ಯಾರಿಸ್ ಒಂದೇ ನಡೆಯನ್ನು ಕದಲದೆ ನುಡಿಸುತ್ತಿರಲು, ಅದರ ಮೇಲೆ ಒಂದೇ ಒಂದು ಸ್ವರವು ಕರ್ಕಶವಾಗಿ ಬಿರಿದು, ಒಂದು ನಿಮಿಷಕ್ಕೂ ಮಿಕ್ಕು ಉರಿಯುತ್ತ ನಿಲ್ಲುತ್ತದೆ. ಎರಡು ಸ್ವರಗಳನ್ನು ನುಡಿಸುವ ಮೊದಲು ಒಂದನ್ನು ನುಡಿಸಲು ಕಲಿಯಬೇಕು, ಆ ಒಂದನ್ನಾದರೂ ಕಾರಣವಿಲ್ಲದೆ ನುಡಿಸಬಾರದು ಎಂದು ಹಾಲಿಸ್ ಸಂದರ್ಶನಗಳಲ್ಲಿ ಹೇಳುತ್ತಿದ್ದುದರ ಅಭಿಪ್ರಾಯವನ್ನು ಇಲ್ಲಿ ಕಿವಿಯಿಂದಲೇ ತಿಳಿಯಬಹುದು. ಹಿಂದಿನದಕ್ಕಿಂತ ಇದು ಕಷ್ಟದ ಕೃತಿ, ಸುಲಭವಾಗಿ ಒಲಿಯದು. ಒಲಿದ ಮೇಲೆ, ‘ನ್ಯೂ ಗ್ರಾಸ್’ ಎಂಬ ಸುಮಾರು ಹತ್ತು ನಿಮಿಷಗಳ ಹಾಡಿನ ಪ್ರಸನ್ನತೆಯನ್ನು ಬಿಟ್ಟುಕೊಡಲು ಮನಸ್ಸು ಒಪ್ಪದು.

ಈ ಆಲ್ಬಮುಗಳ ಹೊದಿಕೆಗಳಿಗೆ ಜೇಮ್ಸ್ ಮಾರ್ಷ್ ಬರೆದ ಚಿತ್ರಗಳೂ ಮೇಳದ ಚರಿತ್ರೆಗೆ ಸೇರಿದವೇ. ‘ಈಡನ್’ನ ಮುಖಪುಟದಲ್ಲಿ ನೀರಿನ ನಡುವೆ ನಿಂತ ಮರವೊಂದರ ಕೊಂಬೆಗಳಲ್ಲಿ ಕಡಲ ಚಿಪ್ಪುಗಳೂ ಹಕ್ಕಿಗಳೂ ನೆಲೆಸಿವೆ, ‘ಲಾಫಿಂಗ್ ಸ್ಟಾಕ್’ನ ಮರದಲ್ಲಿ ಕುಳಿತ ಹಕ್ಕಿಗಳನ್ನು ತುಸು ದೂರದಿಂದ ನೋಡಿದರೆ ಭೂಗೋಲದ ಖಂಡಗಳು ಮೂಡುತ್ತವೆ.

ಅಲ್ಲಿಗೆ ಮೇಳದ ಆಯುಸ್ಸು ತೀರಿತು. ಜಗಳವಿಲ್ಲ, ವಿದಾಯದ ಕಛೇರಿಯಿಲ್ಲ. ಹ್ಯಾರಿಸನೂ ವೆಬ್ಬನೂ ಓ’ರ‍್ಯಾಂಗ್ ಎಂಬ ಹೊಸ ಪ್ರಯೋಗಕ್ಕೆ ಕೈಹಾಕಿದರು. ವೆಬ್ ಮುಂದೆ ರಸ್ಟಿನ್ ಮ್ಯಾನ್ ಎಂಬ ಹೆಸರಿನಿಂದ ಗಾಯಕಿ ಬೆತ್ ಗಿಬನ್ಸಳೊಡನೆ 2002ರಲ್ಲಿ ‘ಔಟ್ ಆಫ್ ಸೀಸನ್’ ಎಂಬ ಸುಂದರವಾದ ಆಲ್ಬಮನ್ನು ಹೊರತಂದನು. ಹಾಲಿಸ್ 1998ರಲ್ಲಿ ತನ್ನ ಹೆಸರನ್ನೇ ಹೊತ್ತ ಏಕೈಕ ಸ್ವತಂತ್ರ ಆಲ್ಬಮನ್ನಿತ್ತನು. ವಿದ್ಯುತ್ತಿನ ಹಂಗಿಲ್ಲದ ವಾದ್ಯಗಳು, ಕೋಣೆಯಲ್ಲಿ ಕುಳಿತು ಕೇಳುವವನ ಎರಡು ಕಿವಿಗಳಂತೆ ನಿಲ್ಲಿಸಿದ ಒಂದು ಜೊತೆ ಮೈಕ್ರೊಫೋನು, ಪಿಸುಮಾತಿಗಿಂತ ತುಸುವೇ ಮೇಲಾದ ಕಂಠ. ಮೊದಲನೆಯ ಮಹಾಯುದ್ಧದಲ್ಲಿ ಮಡಿದ ತರುಣ ರೋಲೆಂಡ್ ಲೇಟನ್ನನನ್ನು ಕುರಿತ ದೀರ್ಘವಾದ ಹಾಡೊಂದು ಇದರಲ್ಲಿದೆ. ಆಮೇಲೆ ಅವನು, ಊರೂರು ತಿರುಗುತ್ತ ಒಳ್ಳೆಯ ತಂದೆಯಾಗಿರುವುದು ತನ್ನಿಂದಾಗದೆಂದು ಭಾವಿಸಿ, ಸಂಗೀತದ ವೃತ್ತಿಯಿಂದ ನಿವೃತ್ತನಾದನು. 2012ರಲ್ಲಿ ಅಮೆರಿಕದ ಟೆಲಿವಿಷನ್ ಧಾರಾವಾಹಿಯೊಂದಕ್ಕೆ ಮಾಡಿಕೊಟ್ಟ ಕಿರುರಚನೆಯನ್ನು ಬಿಟ್ಟರೆ ಅವನಿಂದ ಹೆಚ್ಚೇನೂ ಬರಲಿಲ್ಲ. 2019ರ ಫೆಬ್ರವರಿಯಲ್ಲಿ, 64ನೆಯ ವಯಸ್ಸಿನಲ್ಲಿ, ಅವನು ತೀರಿಕೊಂಡನು.

‘ಸ್ಪಿರಿಟ್ ಆಫ್ ಈಡನ್’, ‘ಲಾಫಿಂಗ್ ಸ್ಟಾಕ್’ ಎಂಬ ಎರಡು ಆಲ್ಬಮುಗಳಿಗೆ ಕೋಟ್ಯಂತರ ಶ್ರೋತೃಗಳು ದೊರೆಯಲಿಲ್ಲ. ದೊರೆತವರಲ್ಲಿ ಅನೇಕರು ತಾವೂ ಸಂಗೀತಗಾರರಾದರು. 1990ರ ದಶಕದಲ್ಲಿ ‘ಪೋಸ್ಟ್ ರಾಕ್’ ಎಂಬ ಹೆಸರಿನಿಂದ ಒಂದು ಪಂಥವೇ ಬೆಳೆದಾಗ ವಿಮರ್ಶಕರು ಅದರ ಮೂಲವನ್ನು ವೆಸೆಕ್ಸ್ ಸ್ಟುಡಿಯೋದ ಆ ಕತ್ತಲೆಯಲ್ಲಿ ಗುರುತಿಸಿದರು; ಎಲ್ಬೋ ಮೇಳದ ಗೈ ಗಾರ್ವಿ ಮೊದಲಾದವರು ತಮ್ಮ ಋಣವನ್ನು ಬಾಯ್ತುಂಬ ಹೇಳಿಕೊಂಡಿದ್ದಾರೆ. ಇತ್ತ 2003ರಲ್ಲಿ ಅಮೆರಿಕದ ನೋ ಡೌಟ್ ಮೇಳವು ‘ಇಟ್ಸ್ ಮೈ ಲೈಫ್’ ಹಾಡನ್ನು ಮತ್ತೆ ಹಾಡಿ ಜಗತ್ಪ್ರಸಿದ್ಧಗೊಳಿಸಿತು. ಹೀಗೆ ಆ ಮೇಳದ ಹೆಸರನ್ನು ಬಲ್ಲ ಎರಡು ವರ್ಗದ ಜನರುಂಟು. ಒಂದು ವರ್ಗಕ್ಕೆ ಇನ್ನೊಂದರ ಸುಳಿವೇ ಇರುವುದಿಲ್ಲ.

ಹೊಸದಾಗಿ ಕೇಳಬಯಸುವವರು ‘ದ ಕಲರ್ ಆಫ್ ಸ್ಪ್ರಿಂಗ್’ನಿಂದ ತೊಡಗುವುದು ಒಳ್ಳೆಯದು, ಹಾಡಿನ ಹಳೆಯ ಚೌಕಟ್ಟೂ, ಅದನ್ನು ಮೀರುವ ತವಕವೂ ಅಲ್ಲಿ ಸಮನಾಗಿ ಬೆರೆತಿವೆ. ಅನಂತರ ‘ಸ್ಪಿರಿಟ್ ಆಫ್ ಈಡನ್’ನ ಮೊದಲ ಮೂರು ಹಾಡುಗಳನ್ನು, ಬೇರೆ ಕೆಲಸವನ್ನಿಟ್ಟುಕೊಳ್ಳದೆ, ನಡುವೆ ನಿಲ್ಲಿಸದೆ ಕೇಳಬೇಕು. ಸದ್ದು ಸಾಲದೆಂದು ಆರಂಭದಲ್ಲಿ ಧ್ವನಿಯನ್ನು ಏರಿಸಿದರೆ, ಹಾರ್ಮೋನಿಕಾ ಬಂದಾಗ ಬೆಚ್ಚಿಬೀಳಬೇಕಾದೀತು. ಆದರೂ ಏರಿಸಿಯೇ ಕೇಳಿರೆಂದು ನಾನು ಹೇಳುವೆನು, ಏಕೆಂದರೆ ತಗ್ಗಿಸಿದರೆ ಕೋಣೆಯ ಗಾಳಿ ಕೇಳಿಸದು. ‘ಲಾಫಿಂಗ್ ಸ್ಟಾಕ್’ಗೆ ಕೆಲವು ವಾರಗಳ ಅಂತರ ಕೊಡುವುದು ಲೇಸು. 1982ರ ಮೊದಲ ಆಲ್ಬಮನ್ನು ಕಟ್ಟಕಡೆಗೆ ಕೇಳಿದರಾಯಿತು.