ಬೆಟ್ಟ ಹತ್ತುವವರ ಹಣ ಇಳಿಯುವುದೆಲ್ಲಿ?

ವಾರಾಂತ್ಯದ ರಾತ್ರಿಗಳಲ್ಲಿ ಬೆಂಗಳೂರಿನ ಯುವಜನರು ಕೋಲಾರದ ಅಂತರಗಂಗೆ ಬೆಟ್ಟಕ್ಕೆ ತಂಡತಂಡವಾಗಿ ಬರುತ್ತಾರೆ. ಟಾರ್ಚ್ ಹಿಡಿದು ಗವಿಗಳಲ್ಲಿ ನುಸುಳಿ, ಸೂರ್ಯೋದಯ ನೋಡಿ, ತಿಂಡಿಯ ಹೊತ್ತಿಗೆ ಹೆದ್ದಾರಿ ಸೇರುತ್ತಾರೆ. ಶುಲ್ಕವೆಲ್ಲ ರಾಜಧಾನಿಯಲ್ಲೇ ಸಂದಾಯವಾಗಿರುತ್ತದೆ. ಬೆಟ್ಟಕ್ಕೆ ದಕ್ಕುವುದು ಖಾಲಿ ಬಾಟಲಿ. ಆ ಶತಶೃಂಗ ಶ್ರೇಣಿಯ ಮೇಲೆ ತೇರಹಳ್ಳಿಯಂತಹ ಊರುಗಳಿವೆ, ಹೊಲಗಳಿವೆ ಎಂಬುದನ್ನು ಗಮನಿಸುವ ವ್ಯವಧಾನ ಎಷ್ಟು ಮಂದಿಗಿದೆ?

ನೇಪಾಳದ ಪರ್ವತ ಮಾರ್ಗಗಳಲ್ಲಿ ಚಾರಣಿಗ ಪ್ರತಿ ರಾತ್ರಿ ಒಂದೊಂದು ಊರಿನಲ್ಲಿ ಉಂಡು ಮಲಗುತ್ತಾನೆ. ಹಣ ದಾರಿಯುದ್ದಕ್ಕೂ ಹಂಚಿಹೋಗುತ್ತದೆ. ಅರ್ಥಶಾಸ್ತ್ರ ಓದಿದವನಿಗೆ ಇದಕ್ಕಿಂತ ಸರಳ ಪಾಠ ಬೇಕಿಲ್ಲ. ನಮ್ಮಲ್ಲಿಯೂ ಅಂತರಗಂಗೆಯಿಂದ ತೇರಹಳ್ಳಿ, ಮುಂದೆ ನೊಳಂಬರ ಕಾಲದ ಗುಡಿಗಳಿರುವ ಆವಣಿ, ಅಲ್ಲಿಂದ ಮುಳಬಾಗಿಲು, ಕಡೆಗೆ ಕುರುಡುಮಲೆಯ ಗಣಪತಿ ಸನ್ನಿಧಿ ಎಂದು ನಾಲ್ಕೈದು ದಿನಗಳ ನಡಿಗೆಯನ್ನು ರೂಪಿಸಬಹುದು. ಮಾವಿನ ಕಾಲವಾದರೆ ಶ್ರೀನಿವಾಸಪುರದ ತೋಪುಗಳವರೆಗೂ ಸಾಗಬಹುದು. ಮಾರ್ಗದರ್ಶಿಗಳು ಮಾತ್ರ ಆಯಾ ಊರಿನವರೇ ಆಗಿರಬೇಕು. ಊಟಕ್ಕೆ ಮುದ್ದೆ, ಬಸ್ಸಾರು. ಮಾತಿಗೆ ಕನ್ನಡವೂ ಸೈ, ತೆಲುಗೂ ಸೈ.

ತೊಡಕಿರುವುದು ನೀರಿನಲ್ಲಿ. ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆಯಿದು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಡಿ ಬರುತ್ತಿರುವ ಬೆಂಗಳೂರಿನ ಸಂಸ್ಕರಿತ ನೀರು ಕೆರೆ ತುಂಬಿ ಅಂತರ್ಜಲ ಹೆಚ್ಚಿಸಲೆಂದೇ ಹೊರತು ಕುಡಿಯಲಲ್ಲ. ಆದ್ದರಿಂದ ಎಷ್ಟು ಜನ ಬರಬೇಕೆಂಬುದನ್ನು ಗ್ರಾಮಸಭೆಯೇ ತೀರ್ಮಾನಿಸಲಿ, ಇಲಾಖೆಯಲ್ಲ. ಕಡತಗಳ ನಡುವೆಯೇ ಆಯುಷ್ಯ ಕಳೆದವನು ಹೇಳುತ್ತಿರುವ ಮಾತಿದು. ನನ್ನನ್ನು ಕೇಳಿದರೆ ತಂಡಕ್ಕೆ ಎಂಟು ಜನ ಸಾಕು, ತಲೆಗೆ ಒಂದೇ ಬಕೆಟ್ ನೀರು.