ಬೇವಿನ ಕಹಿ ಎಲೆಯೊಳಗೆ ಯಾರಿದ್ದಾರೆ?

ಪಲ್ಲಡಂ ಕಡೆ ಹೊಲದ ಬದುವಿನಲ್ಲಿ ನಿಂತ ಬೇವಿನ ಎಲೆಯನ್ನು ಒಮ್ಮೆ ಜಗಿದು ನೋಡಿ. ಕಹಿ ಅಲ್ವಾ? ಎಷ್ಟೋ ಹುಳುಗಳು ದೂರವಿರುವ ಈ ಎಲೆಯೊಳಗೂ ಶಿಲೀಂಧ್ರಗಳು ಬದುಕುತ್ತವೆ! ಎಲೆ ಹೊರಗೆ ಹಸಿರಾಗಿ, ಚೆನ್ನಾಗಿಯೇ ಕಾಣುತ್ತದೆ.

ಒಳಗಿವೆ ಅಂತ ತಿಳಿಯೋದು ಹೇಗೆ? ಎಲೆಯ ಹೊರಮೈಯ ಶಿಲೀಂಧ್ರಗಳೆಲ್ಲ ಸಾಯುವಂತೆ ಔಷಧದಲ್ಲಿ ತೊಳೆದು, ಚೂರು ಮಾಡಿ ಅಗರ್ ತಟ್ಟೆಯಲ್ಲಿಡುತ್ತಾರೆ. ಕೆಲವು ದಿನಗಳಲ್ಲಿ ಚೂರಿನ ಅಂಚಿನಿಂದ ನೂಲಿನಂಥ ಎಳೆಗಳು ಹೊರಬರುತ್ತವೆ. ಇವೇ ಎಂಡೋಫೈಟ್‌ಗಳು.

ಒಳಗೆ ಯಾರು ಉಳಿಯಬೇಕು ಎಂಬುದರಲ್ಲಿ ಎಲೆಯ ರಸಾಯನದ ಕೈವಾಡವೂ ಇದೆ. ಟ್ಯಾನಿನ್‌ನಂಥ ಫಿನಾಲ್‌ಗಳು ಹಲವು ಶಿಲೀಂಧ್ರಗಳನ್ನು ತಡೆಯುತ್ತವೆ. ಮಣ್ಣಿನಲ್ಲಿ ಸಾರಜನಕ ಹೆಚ್ಚಾದರೆ ಗಿಡ ಸೊಂಪಾಗಿ ಚಿಗುರುತ್ತದೆ, ಆದರೆ ಎಲೆಯಲ್ಲಿ ಫಿನಾಲ್ ಸಾಮಾನ್ಯವಾಗಿ ತಗ್ಗುತ್ತದೆ. ಪಲ್ಲಡಂ ಕೋಳಿ ಸಾಕಣೆಗೆ ಹೆಸರಾದ ಊರು. ಕೋಳಿಗೊಬ್ಬರದಲ್ಲಿ ಸಾರಜನಕ ಬಹಳ.

ಮಳೆಗಾಲದಲ್ಲಿ ಬೇವಿನ ಕೊಂಬೆಗಳ ತುದಿ ಒಣಗುವುದನ್ನು ಕಂಡಿದ್ದೀರಾ? ಆ ರೋಗ ತರುವ ಶಿಲೀಂಧ್ರಕ್ಕೆ ಫೋಮಾಪ್ಸಿಸ್ ಅಜಾಡಿರಾಕ್ಟೇ ಎಂದು ಹೆಸರಿಟ್ಟಿದ್ದು 1997ರಲ್ಲಿ. ಅದೇ ಕುಲದ ಎಷ್ಟೋ ಶಿಲೀಂಧ್ರಗಳು ಬೇರೆ ಮರಗಳ ಎಲೆಯೊಳಗೆ ತೆಪ್ಪಗಿರುತ್ತವೆ, ಪಾಪದವರ ಹಾಗೆ!

ಈ ಮಳೆಗಾಲ ಕೋಳಿ ಶೆಡ್ಡಿನ ಪಕ್ಕದ ಬೇವನ್ನೂ ಗೊಬ್ಬರ ಕಾಣದ ಬೇವನ್ನೂ ನೋಡಿ. ಒಣಗಿದ ತುದಿಗಳನ್ನು ಎಣಿಸಿ, ದಿನಾಂಕ ಹಾಕಿ ನೋಟ್‌ಬುಕ್ಕಿನಲ್ಲಿ ಬರೆದಿಡಿ.