ವಾಣೀವಿಲಾಸ: ಹೆಸರಿನ ಹಿಂದಿನ ತಾಯಿ

ಚಿತ್ರದುರ್ಗದ ಸೀಮೆಯಲ್ಲಿ ಸ್ತ್ರೀಯರ ಕೀರ್ತಿಯ ಮಾತು ಬಂದರೆ ಮೊದಲು ನಾಲಗೆಗೆ ಬರುವುದು ಒನಕೆ ಓಬವ್ವನ ಹೆಸರು. ಅದು ಉಚಿತವೇ. ಆದರೆ ಇದೇ ಸೀಮೆಯಲ್ಲಿ ದಿನಕ್ಕೆ ನೂರು ಬಾರಿ ಉಚ್ಚರಿಸಿದರೂ ಯಾರ ನೆನಪನ್ನೂ ಎಬ್ಬಿಸದ ಇನ್ನೊಂದು ಹೆಸರಿದೆ. ಹಿರಿಯೂರಿನ ರೈತನು ನಾಲೆಗೆ ನೀರು ಬಿಟ್ಟರೇ ಎಂದು ವಿಚಾರಿಸುವಾಗ, ದುರ್ಗದ ಗೃಹಿಣಿಯು ನಲ್ಲಿಯ ಮುಂದೆ ಕೊಡವಿಟ್ಟು ಕಾಯುವಾಗ ಬರುವ ಹೆಸರು ಅದು: ವಾಣೀವಿಲಾಸ ಸಾಗರ. ‘ಈ ವಾಣೀವಿಲಾಸರು ಯಾರು?’ ಎಂದು ನನ್ನ ತರಗತಿಯಲ್ಲಿ ಒಮ್ಮೆ ಕೇಳಿದೆ. ಒಬ್ಬನು ಸರಸ್ವತಿಯೆಂದನು; ಒಬ್ಬಳು ಮಹಾರಾಣಿಯೆಂದಳು. ಆ ಮಹಾರಾಣಿಯ ಸ್ವಂತ ಹೆಸರು ಯಾರಿಗೂ ತಿಳಿದಿರಲಿಲ್ಲ. ಬಿರುದು ಉಳಿದು ವ್ಯಕ್ತಿ ಮರೆಯಾದುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಅವರ ಹೆಸರು ಕೆಂಪನಂಜಮ್ಮಣ್ಣಿ. ಹುಟ್ಟಿದ್ದು 1866ರಲ್ಲಿ, ಮೈಸೂರಿಗೆ ದಳವಾಯಿಗಳನ್ನು ಕೊಟ್ಟ ಕಳಲೆಯ ಮನೆತನದಲ್ಲಿ. 1878ರಲ್ಲಿ, ಹನ್ನೆರಡರ ವಯಸ್ಸಿನಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ ದತ್ತುಪುತ್ರ ಚಾಮರಾಜೇಂದ್ರ ಒಡೆಯರನ್ನು ಕೈಹಿಡಿದರು. ಆಗ ನಾಡಿನ ಸ್ಥಿತಿ ಮಂಗಳಕರವಾಗಿರಲಿಲ್ಲ. ರಾಜ್ಯವು ಇನ್ನೂ ಇಂಗ್ಲಿಷರ ಕಮಿಷನರ ಕೈಯಲ್ಲಿದ್ದಿತು. 1876ರಲ್ಲಿ ತೊಡಗಿದ ಮಹಾಕ್ಷಾಮದ ಗಾಯವು ಹಸಿಯಾಗಿದ್ದಿತು. 1871ರ ಗಣತಿಯಲ್ಲಿ 50 ಲಕ್ಷವಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷದಷ್ಟಕ್ಕೆ ಇಳಿಯಿತು. ಅದೇ 1881ರಲ್ಲಿ ರಾಜ್ಯವು ಅರಸುಮನೆತನಕ್ಕೆ ಮರಳಿತು, ಬಾಲವಧುವು ಮಹಾರಾಣಿಯಾದರು.

ಮಕ್ಕಳಲ್ಲಿ ಬೆಳೆದು ನಿಂತವರು ಐವರು: ಜಯಲಕ್ಷ್ಮಮ್ಮಣ್ಣಿ, ಕೃಷ್ಣಾಜಮ್ಮಣ್ಣಿ, ಚೆಲುವಾಜಮ್ಮಣ್ಣಿ ಎಂಬ ಮೂವರು ಹೆಣ್ಣುಮಕ್ಕಳು, ಕೃಷ್ಣರಾಜ, ಕಂಠೀರವ ನರಸಿಂಹರಾಜ ಎಂಬ ಇಬ್ಬರು ಗಂಡುಮಕ್ಕಳು. 1894ರ ಡಿಸೆಂಬರಿನಲ್ಲಿ ಕಲ್ಕತ್ತೆಗೆ ಹೋಗಿದ್ದ ಪತಿಯು ಗಂಟಲುಬೇನೆಯಿಂದ ಅಲ್ಲಿಯೇ ತೀರಿಕೊಂಡರು. ಅವರಿಗೆ ಮೂವತ್ತೊಂದು ವರ್ಷ, ಮಹಾರಾಣಿಗೆ ಇಪ್ಪತ್ತೆಂಟು, ಹಿರಿಯ ಮಗನಿಗೆ ಹತ್ತು. ಆ ಕಾಲದ ವಿಧವೆಗೆ ಲೋಕವು ವಿಧಿಸಿದ್ದು ಮೂಲೆಯ ಕೋಣೆಯನ್ನು. ಇವರಿಗೆ ಒದಗಿದ್ದು ರಾಜ್ಯಭಾರ. 1895ರ ಫೆಬ್ರವರಿಯಲ್ಲಿ ಬಾಲಕನು ಸಿಂಹಾಸನವೇರಿದನು. ತಾಯಿಯು ವಾಣೀವಿಲಾಸ ಸನ್ನಿಧಾನವೆಂಬ ಬಿರುದಿನಿಂದ ರೀಜೆಂಟರಾದರು.

ಆ ಏಳೂವರೆ ವರ್ಷಗಳು ಸುಗಮವಾಗಿರಲಿಲ್ಲ. 1897ರಲ್ಲಿ ಹಿರಿಯ ಮಗಳ ವಿವಾಹದ ಸಂದರ್ಭದಲ್ಲಿಯೇ ಮರದ ಅರಮನೆಯು ಬೆಂಕಿಗೆ ಆಹುತಿಯಾಯಿತು. ಮರುವರ್ಷ ಪ್ಲೇಗು ನುಗ್ಗಿತು. ಆದರೂ ಅದೇ ಅವಧಿಯಲ್ಲಿ ಹೊಸ ಅರಮನೆಯ ಕಟ್ಟಡ ಮೊದಲಾಯಿತು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹರಿಯಿತು. ದಿವಾನ್ ಶೇಷಾದ್ರಿ ಅಯ್ಯರರ ದಕ್ಷತೆಯನ್ನು ಇಲ್ಲಿ ಮರೆಯಲಾಗದು. ಆದರೆ ದಕ್ಷನಾದ ಮಂತ್ರಿಗೆ ಬೆಂಬಲವಾಗಿ ನಿಲ್ಲುವುದೂ ಒಂದು ರಾಜಗುಣವೇ.

ನಮ್ಮ ಸೀಮೆಗೆ ಅವರ ಋಣ ಸೇರಿದ್ದು 1898ರಲ್ಲಿ. ಬಾಬಾಬುಡನ್ ಗಿರಿಯ ನೀರನ್ನು ಹೊತ್ತು ಕಡೂರು, ಹೊಸದುರ್ಗಗಳನ್ನು ಹಾದು ಬರುವ ವೇದಾವತಿಯು ಹಿರಿಯೂರಿನ ಬಯಲಿಗಿಳಿಯುವ ಮುನ್ನ ಎರಡು ಗುಡ್ಡಗಳ ನಡುವೆ ಇಕ್ಕಟ್ಟಾಗುತ್ತದೆ. ಅದೇ ಮಾರಿಕಣಿವೆ. ಅಲ್ಲಿ ಕಲ್ಲಿನ ಕಟ್ಟೆಯು ಏಳತೊಡಗಿತು. 1907ರಲ್ಲಿ ಕೆಲಸ ಮುಗಿಯುವ ಹೊತ್ತಿಗೆ ಮಗನು ಪ್ರಾಪ್ತವಯಸ್ಕನಾಗಿ, 1902ರ ಆಗಸ್ಟಿನಲ್ಲಿಯೇ ಅಧಿಕಾರ ವಹಿಸಿಕೊಂಡಿದ್ದನು. ತಾಯಿಯು ತೊಡಗಿಸಿದ್ದನ್ನು ಮಗನು ಮುಗಿಸಿದನು. ಜಲಾಶಯಕ್ಕೆ ತಾಯಿಯ ಬಿರುದೇ ಹೆಸರಾಯಿತು.

ಉಳಿದ ಕುಟುಂಬದ ಕಥೆಯಲ್ಲಿ ಸುಖದುಃಖಗಳು ಬೆರೆತಿವೆ. ಹಿರಿಯ ಮಗಳನ್ನು ಮದುವೆಯಾದ ಕಾಂತರಾಜ ಅರಸರು ಮಹಾರಾಣಿಯ ಸ್ವಂತ ತಮ್ಮ; ಮುಂದೆ 1919ರಿಂದ 1922ರವರೆಗೆ ದಿವಾನರಾಗಿದ್ದರು. ಕೃಷ್ಣಾಜಮ್ಮಣ್ಣಿಯವರೂ ಅವರ ಹೆಣ್ಣುಮಕ್ಕಳೂ ಕ್ಷಯಕ್ಕೆ ಬಲಿಯಾದರು. ಮೈಸೂರಿನ ಕ್ಷಯರೋಗದ ಆಸ್ಪತ್ರೆಯು ಇಂದಿಗೂ ಆಕೆಯ ಹೆಸರನ್ನು ಹೊತ್ತಿದೆ. ಮಗಳನ್ನೂ ಮೊಮ್ಮಕ್ಕಳನ್ನೂ ಕಳೆದುಕೊಂಡ ತಾಯಿಯ ಸಂಕಟವನ್ನು ಯಾವ ರಾಜಕೀಯ ಚರಿತ್ರೆಯೂ ದಾಖಲಿಸುವುದಿಲ್ಲ. ನಾಲ್ವಡಿ ಕೃಷ್ಣರಾಜರಿಗೆ ಮಕ್ಕಳಿರಲಿಲ್ಲ. 1940ರಲ್ಲಿ ಸಿಂಹಾಸನವು ನರಸಿಂಹರಾಜರ ಮಗ ಜಯಚಾಮರಾಜರಿಗೆ ಬಂದಿತು. ಹೀಗೆ ಮೈಸೂರಿನ ಕೊನೆಯ ಮಹಾರಾಜರಿಗೆ ಕೆಂಪನಂಜಮ್ಮಣ್ಣಿಯವರು ಅಜ್ಜಿ.

ಅವರ ಬಾಳನ್ನು ನೆನೆದಾಗಲೆಲ್ಲ ನನಗೆ ಒಂದೇ ಮಾತು ತೋರುತ್ತದೆ: ತನ್ನದಲ್ಲದ್ದನ್ನು ತನ್ನದಕ್ಕಿಂತ ಹೆಚ್ಚಾಗಿ ಕಾಪಾಡುವುದು. ರಾಜ್ಯವು ಅವರದಲ್ಲ, ಮಗನದು. ಕೈಗೆ ಬಂದುದನ್ನು ಬೆಳೆಸಿದರು. ಹೊತ್ತು ಬಂದಾಗ ಒಪ್ಪಿಸಿ ಹಿಂದೆ ಸರಿದರು. ಮಾರಿಕಣಿವೆಯ ಕಟ್ಟೆಯ ಧರ್ಮವೂ ಅದೇ ಅಲ್ಲವೆ? ಮಳೆಯ ವರ್ಷದ ನೀರನ್ನು ಬರದ ವರ್ಷದವರಿಗಾಗಿ ಹಿಡಿದಿಡುವುದು. 130 ಅಡಿಯ ಆ ಜಲಾಶಯವು 1933ರಲ್ಲಿ ತುಂಬಿ ಕೋಡಿಬಿದ್ದಿತು. ಮರುವರ್ಷ ಮಹಾರಾಣಿಯವರು ಕಣ್ಮುಚ್ಚಿದರು. ಮತ್ತೆ ಕೋಡಿಬಿದ್ದದ್ದು 89 ವರ್ಷಗಳ ಮೇಲೆ, 2022ರಲ್ಲಿ. ಆ ನೀರನ್ನು ನೋಡಲು ಹೊಳಲ್ಕೆರೆ, ಹೊಸದುರ್ಗಗಳಿಂದಲೂ ಜನ ಹೋದರು.

ಉಪಾಧ್ಯಾಯ ಮಿತ್ರರಲ್ಲಿ ನನ್ನ ಬಿನ್ನಹವಿಷ್ಟೆ: ಮಕ್ಕಳನ್ನು ಮಾರಿಕಣಿವೆಗೆ ಕರೆದೊಯ್ದಾಗ ಕಟ್ಟೆಯ ಉದ್ದ ಎತ್ತರಗಳನ್ನು ಹೇಳಿರಿ; ಜೊತೆಗೆ ಕೆಂಪನಂಜಮ್ಮಣ್ಣಿ ಎಂಬ ಹೆಸರನ್ನೂ ಹೇಳಿರಿ.